ಹಡಗು ನಿಂತ ಒಂದು ಹಗಲು



ಕಾಸಿನ ಲೆಕ್ಕವನ್ನು ಇಡತಕ್ಕ ಗೃಹಸ್ಥರು ಬಹುಮಂದಿ. ಗಳಿಗೆಯ ಲೆಕ್ಕವನ್ನು ಇಡತಕ್ಕವರು ವಿರಳ. ಹಡಗಿನಲ್ಲಿ ದೇಶ ನೋಡಹೊರಟವರಿಗೆ ಈ ಎರಡನೆಯ ಲೆಕ್ಕವೇ ಮೊದಲಿನದಾಗಬೇಕೆಂಬುದನ್ನು ನಾವು ಅರುವತ್ತರ ವಯಸ್ಸಿನಲ್ಲಿ, ಇಟಲಿ ದೇಶದ ನೇಪಲ್ಸ್ ನಗರದಲ್ಲಿ, ಒಂದೇ ಹಗಲಿನಲ್ಲಿ ಕಲಿತೆವು.

2025ನೆಯ ಇಸವಿಯ ವಸಂತದಲ್ಲಿ ನಮ್ಮ ಮಗಳೂ ಅಳಿಯನೂ ನಮ್ಮಿಬ್ಬರನ್ನು ಮೆಡಿಟರೇನಿಯನ್ ಸಮುದ್ರದ ಹಡಗುಯಾತ್ರೆಗೆ ಕಳುಹಿಸಿದರು. ಹಡಗಿನ ವೆಚ್ಚ ಅವರದು; ರೇವಿನಲ್ಲಿ ಇಳಿದ ಮೇಲಿನ ವೆಚ್ಚ ನಮ್ಮ ಪಿಂಚಣಿಯದು ಎಂದು ನಾವೇ ನಿಯಮ ಮಾಡಿಕೊಂಡೆವು. ಹಡಗಿನವರು ಪ್ರತಿ ರೇವಿನಲ್ಲೂ ಮೋಟಾರು ಬಂಡಿ ಕಟ್ಟಿಸಿ ಜನರನ್ನು ಗುಂಪಾಗಿ ಕರೆದೊಯ್ಯುವುದುಂಟು. ಅದರ ಬೆಲೆಯನ್ನು ಕೇಳಿ ನಮ್ಮ ಮನೆಯಾಕೆ, "ನಮಗೆ ಕಾಲಿಲ್ಲವೇ?" ಎಂದಳು. ಆಕೆಯ ಬಲಮೊಣಕಾಲು ಎರಡು ವರ್ಷದಿಂದ ನೋಯುತ್ತಿರುವುದು ನಮಗೆ ತಿಳಿದೇ ಇತ್ತು. ಆದಾಗ್ಯೂ ಆ ಮಾತು ನಮಗೆ ಅನುಕೂಲವಾಗಿದ್ದುದರಿಂದ ನಾವು ಸುಮ್ಮನಿದ್ದೆವು.

ಗುಂಪಿನೊಡನೆ ಹೋಗಲೊಲ್ಲದುದಕ್ಕೆ ನಮಗೆ ಬೇರೊಂದು ಕಾರಣವೂ ಇತ್ತು. ಕ್ರಿ. ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೇಯಿ ಪಟ್ಟಣವನ್ನು ಅಗೆಯುವಾಗ, 1938ರಲ್ಲಿ, ಒಂದು ಮನೆಯಲ್ಲಿ ಗೇಣಿಗಿಂತ ತುಸು ಎತ್ತರದ ದಂತದ ಸ್ತ್ರೀಮೂರ್ತಿ ದೊರೆಯಿತು. ಅದು ಭರತಖಂಡದ ಕೆಲಸ. ಪೀಠದಲ್ಲಿ ಖರೋಷ್ಠೀ ಲಿಪಿಯ ಗುರುತೂ ಉಂಟು. ಮೊದಲು ಅದನ್ನು ಲಕ್ಷ್ಮಿಯೆಂದರು. ಈಗ ಯಕ್ಷಿಯಿರಬೇಕೆಂದು ಅನೇಕ ಪಂಡಿತರ ಮತ. ಸಂಸ್ಕೃತ ಪಾಠ ಹೇಳುತ್ತಿದ್ದ ಕಾಲದಲ್ಲಿ ಅದರ ಚಿತ್ರವನ್ನು ಒಂದು ಪುಸ್ತಕದಲ್ಲಿ ಕಂಡಂದಿನಿಂದ ಅದನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ನಮ್ಮಲ್ಲಿ ಬೆಳೆದಿತ್ತು. ಮೂರ್ತಿ ಇರುವುದು ನೇಪಲ್ಸಿನ ಪುರಾತನ ವಸ್ತುಸಂಗ್ರಹಾಲಯದಲ್ಲಿ. ಅದು ದೊರೆತ ಮನೆ ಪಾಂಪೇಯಿಯಲ್ಲಿ. ಎರಡನ್ನೂ ನೋಡುವುದೆಂದು ಸಂಕಲ್ಪಿಸಿದೆವು.

ಇನ್ನು ಮಾರ್ಗದ ವಿಚಾರ. ನೇಪಲ್ಸಿನಲ್ಲಿ ಹಡಗು ಊರಿನ ಎದೆಯಲ್ಲೇ ನಿಲ್ಲುತ್ತದೆ. ರೇವಿನ ಕಟ್ಟಡದಿಂದ ಹೊರಬಂದರೆ ಎದುರಿಗೇ ಕ್ಯಾಸ್ಟೆಲ್ ನುವೋವೊ ಎಂಬ ಹಳೆಯ ಕೋಟೆ. ಅದರ ಪಕ್ಕದ ಚೌಕದ ಅಡಿಯಲ್ಲಿ ಮೆಟ್ರೊ ರೈಲಿನ ಮುನಿಚೀಪಿಯೊ ನಿಲ್ದಾಣ. ಅಲ್ಲಿಂದ ಒಂದು ದಿಕ್ಕಿಗೆ ಮೂರನೆಯ ನಿಲ್ದಾಣ ಗಾರಿಬಾಲ್ಡಿ; ಪಾಂಪೇಯಿಯ ರೈಲು ಅಲ್ಲಿ ಸಿಕ್ಕುವುದು. ಮತ್ತೊಂದು ದಿಕ್ಕಿಗೆ ಮೂರನೆಯ ನಿಲ್ದಾಣ ಮುಸೇಯೊ; ವಸ್ತುಸಂಗ್ರಹಾಲಯ ಅಲ್ಲಿಯೇ. ಮೆಟ್ರೊ ಪ್ರಯಾಣಕ್ಕೆ ಒಬ್ಬರಿಗೆ ಎರಡು ಯೂರೋಗಳೊಳಗೆ, ಪಾಂಪೇಯಿಯ ರೈಲಿಗೆ ಮೂರು ಯೂರೋ ಚಿಲ್ಲರೆ, ಪಟ್ಟಣದ ಪ್ರವೇಶಕ್ಕೆ ಇಪ್ಪತ್ತರ ಆಸುಪಾಸು. ಒಬ್ಬರಿಗೆ ಮೂವತ್ತು ಯೂರೋಗಳಲ್ಲಿ ದಿನ ಕಳೆಯಿತು. ಹಡಗಿನವರ ಬೆಲೆ ಅದರ ಮೂರುಪಟ್ಟಿಗೂ ಮಿಕ್ಕಿತ್ತು. ತಿಂಡಿಯನ್ನು ಗಂಟು ಕಟ್ಟಿಕೊಂಡಿದ್ದೆವು. ನೀರು ಪಾಂಪೇಯಿಯ ಬೀದಿಯ ಕಾರಂಜಿಗಳಲ್ಲಿ ಧರ್ಮಾರ್ಥವಾಗಿ ಸಿಕ್ಕುತ್ತದೆ.

ಹೋಗತಕ್ಕವರು ನೆನಪಿಡಬೇಕಾದವು ಮೂರುಂಟು. ಒಂದು: ಗಡಿಯಾರ ಹಡಗಿನ ಗಡಿಯಾರಕ್ಕೆ ಸರಿಯಾಗಿರಲಿ. ಹಡಗಿನವರು ತಮ್ಮ ಗುಂಪು ತಡವಾದರೆ ಕಾಯುವರು, ಸ್ವತಂತ್ರರಿಗಾಗಿ ಕಾಯರು. ತಪ್ಪಿಸಿಕೊಂಡವನು ಸ್ವಂತ ಖರ್ಚಿನಿಂದ ಮುಂದಿನ ರೇವಿಗೆ ಹೋಗಿ ಸೇರತಕ್ಕದ್ದು. ಎರಡು: 2024ರ ನವೆಂಬರಿನಿಂದ ಪಾಂಪೇಯಿಗೆ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೀಟಿನಲ್ಲಿ ಹೆಸರೂ ಇರುತ್ತದೆ, ಮುಂಚಿತವಾಗಿ ಕೊಂಡು, ಗುರುತಿನ ಪತ್ರವನ್ನು ಜೊತೆಗಿಟ್ಟುಕೊಳ್ಳಬೇಕು. ಮೂರು: ಹಣದ ಚೀಲ ಅಂಗಿಯ ಒಳಗಿರಲಿ, ಜನಸಂದಣಿಯ ಗಾಡಿಗಳಲ್ಲಿ ಕೈಚಳಕದವರಿಗೆ ಕೊರತೆಯಿಲ್ಲ.

ಇಷ್ಟನ್ನು ತಿಳಿದವರೇ ನಾವು ತಪ್ಪು ಗಾಡಿಯನ್ನೇರಿದೆವು. ಪಾಂಪೇಯಿಯ ಹೆಸರಿನ ನಿಲ್ದಾಣಗಳು ಬೇರೆ ಬೇರೆ ದಾರಿಗಳಲ್ಲಿವೆ. ಸೊರೆಂಟೊ ಊರಿನ ಗಾಡಿಯಾದರೆ ಅಗೆದ ಪಟ್ಟಣದ ಬಾಗಿಲಿನಲ್ಲೇ ಇಳಿಸುತ್ತದೆ. ನಾವು ಫಲಕದಲ್ಲಿ "ಪಾಂಪೇಯಿ" ಎಂಬುದನ್ನಷ್ಟೇ ಓದಿ ಮತ್ತೊಂದನ್ನು ಹತ್ತಿ, ಹೊಸ ಊರಿನ ಇಗರ್ಜಿಯ ಬಳಿ ಇಳಿದೆವು. ನಲವತ್ತು ವರ್ಷ ಮಕ್ಕಳಿಗೆ "ಪ್ರಶ್ನೆಯನ್ನು ಕೊನೆಯವರೆಗೆ ಓದಿರಿ" ಎಂದು ಬೋಧಿಸಿದವರ ಗತಿ ಇದು! ಅಲ್ಲಿಂದ ಮನೆಯಾಕೆ ನಿಂತು ನಿಂತು ನಡೆದಳು. ಕೊನೆಗೆ ಪಟ್ಟಣದ ಪೂರ್ವದ ಬಾಗಿಲನ್ನು, ಪುರಾತನ ಮಲ್ಲರಂಗದ ಬಳಿ, ಹೊಕ್ಕೆವು.

ತಪ್ಪಿನಿಂದ ಒಂದು ಲಾಭವಾಯಿತು. ಆ ಬಾಗಿಲಿಗೆ ನಾವು ಹುಡುಕುತ್ತಿದ್ದ ಮನೆ ಹತ್ತಿರ. ಹಿಂದಿನ ಶತಮಾನಕ್ಕೂ ಹಿಂದೆ ಫಿಯೊರೆಲ್ಲಿ ಎಂಬ ವಿದ್ವಾಂಸನು ಪಾಂಪೇಯಿಯ ಪ್ರತಿ ಬಾಗಿಲಿಗೂ ಭಾಗ, ಕೇರಿ, ಬಾಗಿಲು ಎಂದು ಮೂರು ಅಂಕಗಳನ್ನು ಕೊಟ್ಟನು. ಸೂತ್ರಸಂಖ್ಯೆಯಿಂದ ಪಾಣಿನಿಯ ಸೂತ್ರವನ್ನು ತೆಗೆಯುವಂತೆ, ಒಂದನೆಯ ಭಾಗ, ಎಂಟನೆಯ ಕೇರಿ, ಐದನೆಯ ಬಾಗಿಲು ಎಂದು ಎಣಿಸುತ್ತ ಹೋಗಿ, ಅಬೊಂಡಾಂಜ ಎಂಬ ಹೆದ್ದಾರಿಯಲ್ಲಿ ಆ ಹೊಸ್ತಿಲಿನೆದುರು ನಿಂತೆವು. ಗುಂಪುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ಅಲ್ಲಿ ಯಾರೂ ನಿಲ್ಲಲಿಲ್ಲ. ನಾವಾದರೋ ಅರ್ಧ ಗಂಟೆ ನಿಂತೆವು.

ಮನೆಯಾಕೆಯ ಕಣ್ಣು ಬೇರೆಯದನ್ನು ಕಂಡಿತು. ಮನೆಗಳಲ್ಲಿ ಗೃಹದೇವತೆಗಳಿಗಾಗಿ ಗೋಡೆಯಲ್ಲಿ ಮಾಡಿದ ಗೂಡುಗಳು, ಅವುಗಳ ಕೆಳಗೆ ಕಾವಲಾಗಿ ಬರೆದ ಸರ್ಪಗಳು; ರೊಟ್ಟಿಯಂಗಡಿಯಲ್ಲಿ ಕಪ್ಪು ಕಲ್ಲಿನ ಬೀಸುವ ಯಂತ್ರಗಳು. ಅಂಥ ಒಂದು ಅಂಗಡಿಯ ಒಲೆಯಲ್ಲಿ 1862ರಲ್ಲಿ ಇದ್ದಿಲಾಗಿ ಹೋದ 81 ರೊಟ್ಟಿಗಳು ಸಿಕ್ಕಿದುವೆಂದು ಹೇಳಿದಾಗ, "ಅಷ್ಟು ಮನೆಯವರು ಹಸಿದು ಕಾದಿದ್ದರು" ಎಂದಳು. ನಾವು ಓದಿದ ಯಾವ ಗ್ರಂಥವೂ ನಮಗೆ ಹಾಗೆ ಲೆಕ್ಕಹಾಕಲು ಕಲಿಸಿರಲಿಲ್ಲ.

ಹಿಂದಿರುಗುವುದಕ್ಕೆ ಪಶ್ಚಿಮದ ಬಾಗಿಲಿನ ನಿಲ್ದಾಣವನ್ನು ಸೇರಬೇಕು. ಎಂದರೆ ಪಟ್ಟಣವನ್ನೆಲ್ಲ ಅಡ್ಡಹಾಯಬೇಕು. ಬೀದಿಗಳು ಉಬ್ಬುತಗ್ಗಿನ ದೊಡ್ಡ ಕಲ್ಲುಗಳವು. ಆಕೆಯ ಮೊಣಕಾಲಿಗೆ ಪ್ರತಿ ಹೆಜ್ಜೆಯೂ ಒಂದು ಸುಂಕ. ನಿಲ್ದಾಣವನ್ನು ಮುಟ್ಟುವಷ್ಟರಲ್ಲಿ ಗಾಡಿ ಕಣ್ಣೆದುರಿಗೇ ಹೊರಟುಹೋಯಿತು. ಮುಂದಿನದನ್ನು ಹಿಡಿದು ಗಾರಿಬಾಲ್ಡಿಯಲ್ಲಿ ಇಳಿದು ಮೆಟ್ರೊ ಹತ್ತಿದಾಗ ಮೂರು ಗಂಟೆ ದಾಟಿತ್ತು. ನಾಲ್ಕೂವರೆಗೆ ಹಡಗಿನ ಮೆಟ್ಟಿಲಲ್ಲಿರಬೇಕು.

ಮೂರನೆಯ ನಿಲ್ದಾಣ ಮುನಿಚೀಪಿಯೊ. ಅಲ್ಲಿ ಇಳಿದರೆ ಹಡಗು. ಇಳಿಯದೆ ಕುಳಿತರೆ ಇನ್ನು ಮೂರೇ ನಿಲ್ದಾಣ. ಅಲ್ಲಿ ಆ ದಂತದ ಮೂರ್ತಿ. ಮನಸ್ಸು ವಾದಿಸಿತು: ಹೋಗಲು ಹತ್ತು ನಿಮಿಷ, ಬರಲು ಹತ್ತು ನಿಮಿಷ, ನೋಡಲು ಇಪ್ಪತ್ತು. ಮನೆಯಾಕೆ ನಮ್ಮ ಮುಖವನ್ನು ನೋಡಿ, "ನಾನು ಇಲ್ಲೇ ಇಳಿದು ಕುಳಿತಿರುತ್ತೇನೆ, ನೀವು ನೋಡಿಕೊಂಡು ಬನ್ನಿ" ಎಂದಳು. ಬಾಗಿಲು ತೆರೆಯಿತು. ಆ ಇಪ್ಪತ್ತು ನಿಮಿಷಕ್ಕಾಗಿ, ಭಾಷೆ ತಿಳಿಯದ ಊರಿನಲ್ಲಿ, ನೋಯುವ ಕಾಲಿನವಳನ್ನು ಒಂಟಿಯಾಗಿ ಕೂರಿಸಿ ಹೋಗುವುದು ಯಾವ ಲೆಕ್ಕದಲ್ಲೂ ಹೊಂದಲಿಲ್ಲ. ಬೆಳಗ್ಗೆ ಉಳಿಸಿದ ಹಣ ಆಕೆಯ ಮೊಣಕಾಲಿನಿಂದ ಬಂದುದೆಂಬುದು ಆಗ ಹೊಳೆಯಿತು. ನಾವೂ ಇಳಿದೆವು.

ಕೋಟೆಯೆದುರಿನ ಚೌಕದಲ್ಲಿ ಕುಳಿತು ಉಳಿದ ಚಪಾತಿಯನ್ನು ಹಂಚಿಕೊಂಡೆವು. ಬಹಳ ಹೊತ್ತಿನ ಮೇಲೆ ಆಕೆ, "ಆ ಯಕ್ಷಿ ಇದ್ದ ಮನೆಯನ್ನು ನೋಡಿದೆವಲ್ಲ, ಅವಳೂ ದೂರದಿಂದ ಬಂದು ಆ ಮನೆಯಲ್ಲಿ ಇದ್ದವಳೇ" ಎಂದಳು. ನಾಲ್ಕು ಗಂಟೆಗೆ ಹಡಗನ್ನೇರಿದೆವು.

ಆದುದರಿಂದ ವಾಚಕರಿಗೆ ನಾವು ಹೇಳತಕ್ಕದ್ದಿಷ್ಟೆ. ರೇವಿನಲ್ಲಿ ಸ್ವತಂತ್ರವಾಗಿ ಸುತ್ತಿರಿ, ಹೆದರಬೇಡಿರಿ, ಖರ್ಚು ಕಡಿಮೆ, ಕಾಣುವುದು ಹೆಚ್ಚು. ಆದರೆ ಒಂದು ದಿನಕ್ಕೆ ಒಂದೇ ಸ್ಥಳವನ್ನು ಗೊತ್ತುಮಾಡಿಕೊಳ್ಳಿರಿ. ಸಮಯವನ್ನು ಎಣಿಸುವಾಗ ನಿಮ್ಮ ಕಾಲಿನಿಂದ ಎಣಿಸದೆ, ಜೊತೆಗೆ ನಡೆಯುವವರಲ್ಲಿ ಯಾರ ಕಾಲು ನಿಧಾನವೋ ಅವರ ಕಾಲಿನಿಂದ ಎಣಿಸಿರಿ.