ನಡವಳಿ ಪುಸ್ತಕದಲ್ಲಿ ಹಳ್ಳಕ್ಕೂ ಒಂದು ಸಾಲು

ಮಳೆಗಾಲ ಶುರುವಾದರೆ ಕೋಲಾರ ಜಿಲ್ಲೆಯ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳಿಗೆ ಗಿಡ ನೆಡುವ ಸಂಭ್ರಮ. ಗುಂಡಿ ಮೊದಲೇ ತೋಡಿರುತ್ತಾರೆ, ಅಧ್ಯಕ್ಷರು ಹೊಂಗೆ ಸಸಿ ಹಿಡಿದು ಫೋಟೊಗೆ ನಿಲ್ಲುತ್ತಾರೆ. ಮುಂದಿನ ತಿಂಗಳು ಅದೇ ಸಂಸ್ಥೆಯ ಸಭೆಗೆ ಬಡಾವಣೆಯ ಕಡತ ಬರುತ್ತದೆ. ಆ ಜಮೀನಿನಲ್ಲಿ ಎಷ್ಟು ಮರ ನಿಂತಿವೆ, ಅದರ ನಡುವೆ ಯಾವ ಹಳ್ಳ ಹಾದುಹೋಗಿದೆ ಎಂದು ಕೇಳುವ ಸದಸ್ಯರು ವಿರಳ. ಮರ ಉರುಳಿ, ಕಾಲುವೆ ಮುಚ್ಚಿಹೋದ ಮೇಲೆ ಮಾತ್ರ ಸಭೆಯಲ್ಲಿ ಗಲಾಟೆ, ಖಂಡನೆ, ಸಭಾತ್ಯಾಗ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಈ ಚಾಳಿಯನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸ್ಥಳೀಯ ಸಂಸ್ಥೆಗಳು ಬಿಡಬೇಕಾಗಿದೆ.

ಬೇರೆ ಜಿಲ್ಲೆಗಳಲ್ಲಿ ಒಂದು ಹಳ್ಳ ಹೋದರೆ ಇನ್ನೊಂದು ಇದ್ದೀತು. ಇಲ್ಲಿ ಹಾಗಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಪಾಲಾರ್ ಹೆಸರಿಗೆ ನದಿ, ವರ್ಷದ ಬಹುಪಾಲು ಮರಳಿನ ದಾರಿ. ಮಾಲೂರು ಸೀಮೆಯ ದಕ್ಷಿಣ ಪಿನಾಕಿನಿಗೂ ಮಳೆಯದೇ ಆಸರೆ. ಹಾಗಾಗಿಯೇ ಹಿಂದಿನವರು ಬಿದ್ದ ಮಳೆಯನ್ನು ಹಿಡಿದಿಡಲು ಕೆರೆಗಳ ಸರಣಿ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಈ ಏರ್ಪಾಡಿನಲ್ಲಿ ಕೆರೆಯ ಅಂಗಳಕ್ಕೆ ಇರುವಷ್ಟೇ ಬೆಲೆ ನಡುವಿನ ರಾಜಕಾಲುವೆಗೂ ಇದೆ. ಒಂದೂರಿನಲ್ಲಿ ಕಾಲುವೆ ಮುಚ್ಚಿದರೆ ಒಣಗುವುದು ಕೆಳಗಿನ ಮೂರ್ನಾಲ್ಕು ಊರಿನ ಕೆರೆ. ಜಿಲ್ಲೆಯ ಎಲ್ಲ ತಾಲ್ಲೂಕುಗಳೂ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಬರೀ ದೂಳು ಏಳುವುದನ್ನು ಕಾಣದ ರೈತ ಇಲ್ಲಿ ಅಪರೂಪ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾದ ಕೆ.ಸಿ. ವ್ಯಾಲಿ ಯೋಜನೆಯಡಿ ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿಸಿದ ನೀರನ್ನು 126 ಕೆರೆಗಳಿಗೆ ಹರಿಸುವ ಗುರಿ ಇಟ್ಟುಕೊಳ್ಳಲಾಯಿತು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ತಂದು ಕೆರೆ ತುಂಬಿಸುವ ಜಿಲ್ಲೆ, ಆಕಾಶದಿಂದ ಬಿದ್ದ ನೀರು ಕೆರೆಗೆ ಹೋಗುವ ದಾರಿಗೆ ಮಣ್ಣು ಸುರಿಯುತ್ತಿದೆ.

ಆ ದಾರಿ ಮಾಯವಾಗುವ ಬಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಗ್ರಾಮನಕ್ಷೆಯಲ್ಲಿ ಹಳ್ಳದ ಗೆರೆ ಇರುತ್ತದೆ. ಪಹಣಿಯಲ್ಲಿ ಇಷ್ಟು ಗುಂಟೆ ಬಿ ಖರಾಬು ಎಂದಿರುತ್ತದೆ, ಅಂದರೆ ಸಾರ್ವಜನಿಕರ ಸ್ವತ್ತು. ಬಡಾವಣೆಯ ನಕ್ಷೆಗೆ ಬರುವ ಹೊತ್ತಿಗೆ ಆ ಗೆರೆ ರಸ್ತೆಯ ಪಕ್ಕದ ಚರಂಡಿಯಾಗಿರುತ್ತದೆ, ಇಲ್ಲವೇ ಹಸಿರು ಬಣ್ಣ ಬಳಿದುಕೊಂಡು ಪಾರ್ಕ್ ಆಗಿರುತ್ತದೆ. ಜಾಗದಲ್ಲಿ ಹೋಗಿ ನೋಡಿದರೆ ಹಳ್ಳಕ್ಕೆ ಅಡ್ಡಲಾಗಿ ಎರಡಡಿ ಅಗಲದ ಸಿಮೆಂಟ್ ಪೈಪು, ಅದರ ಮೇಲೆ ಟಿಪ್ಪರ್‌ಗಟ್ಟಲೆ ಮಣ್ಣು, ಮಣ್ಣಿನ ಮೇಲೆ ಜಲ್ಲಿ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಪೈಪಿನ ಬಾಯಿಗೆ ಹೂಳು ಕಟ್ಟುತ್ತದೆ. ನಾಲ್ಕು ವರ್ಷ ಬರ ಬಂದರೆ ಅಲ್ಲೊಂದು ಹಳ್ಳವಿತ್ತು ಎಂಬುದೇ ಜನರಿಗೆ ಮರೆತುಹೋಗುತ್ತದೆ. ನೀರಿಗೆ ಮರೆಯುವುದಿಲ್ಲ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷಗಳ ನಂತರ ಕೋಡಿ ಹರಿದವು. ಅಂಥ ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ, ಆ ದಾರಿಯಲ್ಲಿ ಸಾಲ ಮಾಡಿ ಸೈಟು ಕೊಂಡವನ ಮನೆಯೊಳಕ್ಕೆ ಹೋಗುತ್ತದೆ. ಬಡಾವಣೆ ಮಾಡಿದವರು ಆ ವೇಳೆಗೆ ದುಡ್ಡು ಎಣಿಸಿಕೊಂಡು ಹೋಗಿರುತ್ತಾರೆ.

ಇದನ್ನು ಕೇಳಿದರೆ ಸದಸ್ಯರು ಕೊಡುವ ಉತ್ತರ ಗೊತ್ತೇ ಇದೆ: ‘ನಮ್ಮ ಕೈಯಲ್ಲಿ ಏನಿದೆ?’ ಭೂಪರಿವರ್ತನೆ ಜಿಲ್ಲಾಧಿಕಾರಿಯದು, ನಕ್ಷೆಗೆ ಮಂಜೂರಾತಿ ಯೋಜನಾ ಪ್ರಾಧಿಕಾರದ್ದು, ಕೈಗಾರಿಕೆಗೆ ಜಮೀನು ತೆಗೆಯುವುದು ಕೆಐಎಡಿಬಿ, ಹೆದ್ದಾರಿ ಕೇಂದ್ರ ಸರ್ಕಾರದ್ದು. ಕೆರೆಗಳಲ್ಲೂ ಪಾಲು ಹಂಚಿದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಜಿಲ್ಲಾ ಪಂಚಾಯಿತಿಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ. ಈ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ನರಸಾಪುರ, ವೇಮಗಲ್ಲಿನ ಕೈಗಾರಿಕಾ ಪ್ರದೇಶಕ್ಕಾಗಲಿ, ಮಾಲೂರು ಹಾಯ್ದು ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗಾಗಲಿ ಜಾಗ ಗುರುತಿಸುವಾಗ ಊರಿನ ಪಂಚಾಯಿತಿಯ ಮಾತಿಗೆ ಎಷ್ಟು ತೂಕವಿತ್ತು ಎಂಬುದು ಎಲ್ಲರಿಗೂ ಗೊತ್ತು.

ಆದರೆ ಖಾತೆ ಯಾರ ಕೈಯಲ್ಲಿದೆ? ಪಂಚಾಯಿತಿಯ ಇ-ಸ್ವತ್ತು, ನಮೂನೆ 9 ಮತ್ತು 11 ಕೈಗೆ ಬರದೆ ಹಳ್ಳಿಯ ಸೈಟಿಗೆ ನೋಂದಣಿಯಿಲ್ಲ, ಬ್ಯಾಂಕ್ ಸಾಲವಿಲ್ಲ. ಪಟ್ಟಣದಲ್ಲಿ ನಗರಸಭೆಯೋ ಪುರಸಭೆಯೋ ಖಾತೆ ಕೂರಿಸಬೇಕು. ಬಡಾವಣೆಯ ರಸ್ತೆ, ಚರಂಡಿ, ಪಾರ್ಕನ್ನು ತನ್ನ ವಶಕ್ಕೆ ಪಡೆಯುವುದೂ ಸ್ಥಳೀಯ ಸಂಸ್ಥೆಯೇ. ವಶಕ್ಕೆ ಪಡೆಯುವ ದಿನ ಗ್ರಾಮನಕ್ಷೆ ಹಿಡಿದು ಜಾಗದಲ್ಲಿ ನಿಂತು, ‘ಇಲ್ಲಿದ್ದ ಕಾಲುವೆ ಎಲ್ಲಿ?’ ಎಂದು ಕೇಳುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ಸಿಗುವ ಕಾಲದಲ್ಲಿ ಗೊತ್ತಾಗಲಿಲ್ಲ ಎಂಬ ನೆಪವೂ ನಡೆಯದು.

ಕಾನೂನಿನ ಬಲವೂ ಸಣ್ಣದಲ್ಲ. ನಗರಗಳಲ್ಲಿ ಪರಿಸರ ರಕ್ಷಣೆಯನ್ನು ಸಂವಿಧಾನದ 12ನೇ ಅನುಸೂಚಿ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲೇ ಸೇರಿಸಿದೆ. ಪಂಚಾಯಿತಿಗಳ 11ನೇ ಅನುಸೂಚಿಯಲ್ಲಿ ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ ಎರಡೂ ಇವೆ. ಊರೊಟ್ಟಿನ ಜಮೀನು, ಕುಂಟೆಗಳ ಒತ್ತುವರಿ ಎಷ್ಟೇ ಹಳೆಯದಾದರೂ, ಅಲ್ಲಿ ಎಷ್ಟೇ ಹಣ ಸುರಿದಿದ್ದರೂ ಅದನ್ನು ಸಕ್ರಮ ಮಾಡಲು ಅದು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂದಿತ್ತು 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ. ಆ ಅಂತರವನ್ನು ಕೆರೆಯ ವಿಸ್ತೀರ್ಣ ನೋಡಿ ಇಳಿಸುವ ತಿದ್ದುಪಡಿ ಮಸೂದೆಗೆ ವಿಧಾನಮಂಡಲ 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಇದರ ಪೆಟ್ಟು ದೊಡ್ಡ ಕೆರೆಗಳಿಗಿಂತ ಕುಂಟೆ, ಕಟ್ಟೆ, ಚಿಕ್ಕ ಕೆರೆಗಳಿಗೇ ಹೆಚ್ಚು. ಕೋಲಾರ ಸೀಮೆ ನೆಚ್ಚಿಕೊಂಡಿರುವುದು ಅವನ್ನೇ. ರಾಜಧಾನಿಯಲ್ಲಿ ಅಂತರ ಕಡಿಮೆಯಾಗುವಾಗ ಈ ಜಿಲ್ಲೆಯ ಎಷ್ಟು ಪಂಚಾಯಿತಿಗಳು ಬೇಡವೆಂದು ನಿರ್ಣಯ ಬರೆದು ಕಳಿಸಿದವು? ಈ ಪ್ರಶ್ನೆಯನ್ನು ಆಯಾ ಊರಿನವರೇ ತಮ್ಮ ಸದಸ್ಯರಿಗೆ ಕೇಳಬೇಕು.

ಮರಗಳ ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ರಸ್ತೆ ಬದಿಯ, ತೋಪಿನ ಹುಣಸೆ ಮರಗಳ ಫಸಲನ್ನು ವರ್ಷವರ್ಷ ಹರಾಜು ಹಾಕುವ ಪದ್ಧತಿ ಈ ಕಡೆ ಇದೆ. ಹರಾಜಿಗೆ ಬೇಕೆಂದರೆ ಎಲ್ಲಿ ಎಷ್ಟು ಮರ, ಯಾವುದು ಕಾಯಿ ಬಿಟ್ಟಿದೆ, ಎಲ್ಲ ಲೆಕ್ಕವೂ ಸಿಗುತ್ತದೆ. ಕಡಿಯುವ ಹೊತ್ತಿಗೆ ಆ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಫಸಲು ಕೊಡದ ಆಲ, ಅರಳಿ, ಹೊಂಗೆ, ಇಪ್ಪೆಗಳಂತೂ ಯಾವ ಪುಸ್ತಕದಲ್ಲೂ ಇಲ್ಲ. ಗುಂಡುತೋಪುಗಳು ದಾಖಲೆಯಲ್ಲಿ ಇನ್ನೂ ಗುಂಡುತೋಪುಗಳೇ. ಜಾಗದಲ್ಲಿ ನೋಡಿದರೆ ಎಷ್ಟೋ ಕಡೆ ಸಮುದಾಯ ಭವನ, ನೀರಿನ ಟ್ಯಾಂಕು, ಹಿಂದೆ ನಾಲ್ಕು ಶೆಡ್ಡು.

ಸರ್ಕಾರಗಳು ಇಲ್ಲಿ ಮರ ಬೆಳೆಸಿದ ರೀತಿಯೂ ಪಾಠವೇ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಎಂಬತ್ತರ ದಶಕದಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ಬಂತು. ಅದು ನೆಲದ ನೀರು ಹೀರುತ್ತದೆ ಎಂಬ ದೂರು ಅಂದೇ ಎದ್ದಿತ್ತು. ಹೊಸದಾಗಿ ನೆಡುವುದನ್ನು ರಾಜ್ಯ ನಿಷೇಧಿಸಿದ್ದು 2017ರಲ್ಲಿ. ಶ್ರೀನಿವಾಸಪುರದಲ್ಲಿ 2023ರಲ್ಲಿ ಅರಣ್ಯ ಒತ್ತುವರಿ ತೆರವಿನ ವೇಳೆ ಫಸಲು ಕೊಡುತ್ತಿದ್ದ ಮಾವಿನ ಮರಗಳೇ ಜೆಸಿಬಿಗೆ ಉರುಳಿದವು. ಅರಣ್ಯ ಜಮೀನು ಅರಣ್ಯಕ್ಕೇ ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾವುದು ಅರಣ್ಯ, ಯಾವುದು ಕಂದಾಯ, ಯಾವುದು ಗೋಮಾಳ ಎಂಬುದನ್ನು ಊರಿನ ಸಭೆಯಲ್ಲಿ ನಕ್ಷೆ ಹರಡಿ ಕಾಲಕಾಲಕ್ಕೆ ಇತ್ಯರ್ಥ ಮಾಡಿದ್ದರೆ ಮಾವು ಮರವಾಗುವವರೆಗೆ ಕಾಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸ್ಥಳೀಯರ ದನಿಗೆ ಕಾನೂನಿನಲ್ಲಿ ಜಾಗ ಸಿಕ್ಕಾಗ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ವಿಮಾನ ನಿಲ್ದಾಣ ಬಂದು ಸುತ್ತಲಿನ ಎಕರೆಗೆ ಕೋಟಿ ಬೆಲೆ ಕಟ್ಟಿದ ತಾಲ್ಲೂಕಿನಲ್ಲಿ 54 ಎಕರೆ ತೋಪಿಗೆ ಅದೊಂದು ರಕ್ಷೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಇಂಥ ತಾಣವನ್ನು ಘೋಷಿಸುವಾಗ ಸರ್ಕಾರ ಸ್ಥಳೀಯ ಸಂಸ್ಥೆಯನ್ನು ಕೇಳಲೇಬೇಕು. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಮರ, ಗಿಡ, ಜೀವಿಗಳ ದಾಖಲಾತಿ ಬರೆದಿಡಬೇಕು ಎಂಬುದೂ ಅದೇ ಕಾಯ್ದೆಯ ಕಟ್ಟಳೆ. ಬಂಡೆಯ ಬಸವನ ಬಾಯಿಂದ ನೀರು ಜಿನುಗುವ ಕೋಲಾರದ ಅಂತರಗಂಗೆ ಬೆಟ್ಟವನ್ನೂ ಈ ಪಟ್ಟಿಗೆ ಸೇರಿಸಲು ರಾಜ್ಯ ಜೀವವೈವಿಧ್ಯ ಮಂಡಳಿ 2020ರ ಕೊನೆಗೆ ಮುಂದಾಯಿತು. ಅದರ ಬೆನ್ನು ಹತ್ತಬೇಕಾದವರು ಈ ಊರಿನವರೇ. ಸಮಿತಿಗಳು ಕಾಗದದ ಮೇಲಿದ್ದರೆ ಸಾಲದು. ಮುಳಬಾಗಿಲಿನ ಆವನಿ ಬೆಟ್ಟದ ತಪ್ಪಲು, ಮಾಲೂರಿನ ತೋಪುಗಳು ತಮಗಾಗಿ ಮಾತಾಡುವ ಸಮಿತಿಗೆ ಕಾಯುತ್ತಿವೆ.

ಅಭಿವೃದ್ಧಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಬೋರ್‌ವೆಲ್ ಬತ್ತಿ, ಟೊಮೆಟೊ ಬೆಲೆ ಬಿದ್ದು ಸೋತ ರೈತನ ಮಗ ನರಸಾಪುರದ ಕಾರ್ಖಾನೆಯ ಬಸ್ಸಿಗೆ ಕಾಯುವುದರಲ್ಲಿ ತಪ್ಪಿಲ್ಲ. ಅವನಿಗೆ ಕೆಲಸವೂ ಬೇಕು, ಮನೆಯೂ ಬೇಕು, ಆ ಮನೆಯ ನಲ್ಲಿಯಲ್ಲಿ ನೀರೂ ಬೇಕು. ಮೊದಲೆರಡನ್ನು ಕೊಡುವ ಭರದಲ್ಲಿ ಮೂರನೆಯದನ್ನು ಕಿತ್ತುಕೊಂಡರೆ ಆ ಬಡಾವಣೆಗೆ ಮುಂದೆ ಟ್ಯಾಂಕರೇ ಗತಿ, ಟ್ಯಾಂಕರಿನ ಬಿಲ್ಲು ಕಟ್ಟುವುದು ಅದೇ ಪುರಸಭೆ.

ಆದ್ದರಿಂದ ನಮ್ಮ ಒತ್ತಾಯ ಮೂರೇ. ಒಂದು, ಬಡಾವಣೆ, ರಸ್ತೆ, ಕಟ್ಟಡ ಯಾವುದರ ವಿಷಯವಾದರೂ ಗ್ರಾಮನಕ್ಷೆಯ ಪ್ರತಿಯೂ ಸ್ಥಳ ಪರಿಶೀಲನೆಯ ವರದಿಯೂ ಇಲ್ಲದೆ ಸಭೆಯ ಮುಂದೆ ಬರಬಾರದು. ಆ ವರದಿಯಲ್ಲಿ ಹಳ್ಳ, ಕಾಲುವೆ, ಮರಗಳ ಲೆಕ್ಕವಿರಬೇಕು. ಎರಡು, ಊರಿನ ತೋಪು ಮತ್ತು ಸಾಲುಮರಗಳ ಪಟ್ಟಿ ಮಾಡಿ ವಾರ್ಡ್ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಓದಬೇಕು. 1976ರ ಮರಗಳ ಸಂರಕ್ಷಣಾ ಕಾಯ್ದೆಯ ತಿದ್ದುಪಡಿಯಂತೆ 50ಕ್ಕಿಂತ ಹೆಚ್ಚು ಮರ ಕಡಿಯುವಾಗ ಜನರ ಆಕ್ಷೇಪಣೆ ಕೇಳಬೇಕಾಗುತ್ತದೆ. ಅದನ್ನು ತಪ್ಪಿಸಲು 49ರಂತೆ ಕಂತು ಮಾಡುವ ಆಟಕ್ಕೆ ಸದಸ್ಯರು ಸಹಿ ಹಾಕಬಾರದು. ಮೂರು, ಕಾಲುವೆ ಮುಚ್ಚಿದ ಬಡಾವಣೆಗೆ, ಅದನ್ನು ಮೊದಲಿನಂತೆ ಬಿಡಿಸುವವರೆಗೆ, ಖಾತೆ ಕೂರಿಸಬಾರದು. ಯಾರು ಆಕ್ಷೇಪಿಸಿದರು, ಯಾರು ಒಪ್ಪಿದರು ಎಂಬುದು ಹೆಸರು ಸಮೇತ ನಡವಳಿಯಲ್ಲಿ ದಾಖಲಾಗಬೇಕು.

ಓದುಗರಲ್ಲೂ ಒಂದು ಮಾತು. ಸಭೆಯ ನಡವಳಿ ಗುಟ್ಟಿನ ಕಾಗದವಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಅದರ ಪ್ರತಿ ಕೊಡಲೇಬೇಕು. ನಿಮ್ಮ ವಾರ್ಡಿನ ಸದಸ್ಯರು ಮುಂದಿನ ಸಲ ಮತ ಕೇಳಲು ಬಂದಾಗ ಗಿಡ ನೆಟ್ಟ ಫೋಟೊ ತೋರಿಸುತ್ತಾರೆ. ನೀವು ಆ ನಡವಳಿಯ ಪ್ರತಿ ತೋರಿಸಿ.