ಹಳೆಯ ದೊಡ್ಡ ಕಾರು ಮತ್ತು ಕಾಣದ ಸಡಿಲು

ಲಗ್ನದ ದಿನಗಳಲ್ಲಿ ನಮ್ಮ ಅವಳಿನಗರದ ಯಾವುದೇ ಕಲ್ಯಾಣ ಮಂಟಪದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಕಾಲ ಎಷ್ಟು ಬದಲಾಗಿದೆಯೆಂಬುದು ತಿಳಿಯುತ್ತದೆ. ಮೂವತ್ತು ವರ್ಷಗಳ ಹಿಂದೆ ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು. ವರನ ಸವಾರಿಗೆಂದು ಎಲ್ಲಿಂದಲೋ ಕೇಳಿ ತಂದ ಒಂದು ಕಾಂಟೆಸಾ ಇದ್ದರೆ ಬೀಗರ ಕಡೆಯವರೆಲ್ಲ ತಿರುಗಿ ನೋಡುತ್ತಿದ್ದರು. ಇಂದು ಅದೇ ಸಾಲಿನಲ್ಲಿ ಮರ್ಸಿಡಿಸ್, ಬಿ.ಎಂ.ಡಬ್ಲ್ಯು., ಆಡಿ ಕಾರುಗಳು ಸಹಜವಾಗಿ ಕಾಣಸಿಗುತ್ತವೆ. ಹತ್ತಿರ ಹೋಗಿ ನಂಬರ್ ಫಲಕ ಓದಿದರೆ ಕೆಎ-25, ಕೆಎ-63ರ ನಡುವೆ ಪುಣೆಯ ಎಂಎಚ್-12 ಉಂಟು, ಬೆಂಗಳೂರಿನ ಹಳೆಯ ಸಂಖ್ಯೆಗಳುಂಟು, ದೆಹಲಿಯ ಡಿಎಲ್ ಕೂಡ ಉಂಟು.

ಈ ಕಾರುಗಳು ಇಲ್ಲಿಗೆ ಬಂದ ಬಗೆಯನ್ನು ತಿಳಿಯುವುದು ಕಷ್ಟವಲ್ಲ. ಮರ್ಸಿಡಿಸ್ ಕಂಪನಿ ಪುಣೆಯಲ್ಲಿ 1995ರಲ್ಲಿ ಕಾರುಗಳ ಜೋಡಣೆ ಆರಂಭಿಸಿತು; ಬಿ.ಎಂ.ಡಬ್ಲ್ಯು. ಚೆನ್ನೈ ಬಳಿ 2007ರಲ್ಲಿ ಆರಂಭಿಸಿತು. ಹೊಸದಾಗಿ ಕೊಂಡ ಶ್ರೀಮಂತರು ಐದಾರು ವರ್ಷಕ್ಕೆ ಮಾರುತ್ತಾರೆ, ಎರಡನೆಯವರು ಇನ್ನೆರಡು ವರ್ಷಕ್ಕೆ ಮಾರುತ್ತಾರೆ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಗಾಡಿಗಳ ಸಂಚಾರವನ್ನು ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆದು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದ ಮೇಲೆ, ಅಲ್ಲಿಯ ದೊಡ್ಡ ಡೀಸೆಲ್ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳ ದಾರಿ ಹಿಡಿದವು. ನಮ್ಮ ಪಿ.ಬಿ. ರಸ್ತೆಯ ಹೆಸರಿನ ಎರಡು ಅಕ್ಷರಗಳೇ ಪುಣೆ ಮತ್ತು ಬೆಂಗಳೂರು. ಎರಡೂ ನಗರಗಳು ಸುಮಾರು 400 ಕಿಲೋಮೀಟರು ಆಚೆ ಈಚೆ ಇವೆ. ಎರಡು ದೊಡ್ಡ ಪೇಟೆಗಳ ನಡುವೆ ಕುಳಿತ ಊರಿಗೆ ಹಳೆಯ ಸರಕು ಬಾರದಿರುವುದೆಂತು? ಹೀಗಾಗಿ ಹೊಸ ಚಿಕ್ಕ ಕಾರಿನ ಬೆಲೆಗೆ ಹತ್ತು ವರ್ಷದ ಜರ್ಮನ್ ಕಾರು ಮನೆಯ ಮುಂದೆ ಬಂದು ನಿಲ್ಲುತ್ತದೆ.

ಇದನ್ನು ಬರಿಯ ಆಡಂಬರವೆಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಧಾರವಾಡದ ಓದುಗರೊಬ್ಬರು ಕಳೆದ ತಿಂಗಳು ಬರೆದ ಪತ್ರವೇ ಈ ಲೇಖನಕ್ಕೆ ಕಾರಣ. ಅವರ ತಾಯಿಯವರಿಗೆ ಸೊಂಟದ ನೋವು. ಚಿಕ್ಕ ಕಾರಿನಲ್ಲಿ ಒಂದು ತಾಸು ಕೂತರೆ ಎರಡು ದಿನ ಮಲಗುತ್ತಾರೆ. ಆದರೂ ಉಳವಿಯ ಜಾತ್ರೆಗೆ ಹೋಗಲೇಬೇಕೆಂಬ ಹಂಬಲ. ದಲಾಲರೊಬ್ಬರು ಗಾಳಿಚೀಲದ ಸಸ್ಪೆನ್ಶನ್ ಇರುವ ಹಳೆಯ ದೊಡ್ಡ ಕಾರನ್ನು ತೋರಿಸಿದ್ದಾರೆ. ಟ್ರಯಲ್ ನೋಡುವಾಗ ತೊಟ್ಟಿಲಲ್ಲಿ ಕೂತಂತಾಯಿತಂತೆ. ವೇಗ 80 ದಾಟಿದಾಗ ಸ್ಟಿಯರಿಂಗ್ ತುಸು ನಡುಗಿದ್ದುಂಟು, ನೇರ ದಾರಿಯಲ್ಲಿ ಆಗಾಗ ಕೈಯಿಂದ ತಿದ್ದಬೇಕಾದದ್ದೂ ಉಂಟು. "ಅದೇನು ದೊಡ್ಡದಲ್ಲ, ಬ್ಯಾಲೆನ್ಸಿಂಗ್ ಮಾಡಿಸಿದರೆ ಹೋಗುತ್ತದೆ" ಎಂದು ದಲಾಲರು ಹೇಳಿದ್ದಾರೆ. ಕೊಳ್ಳಬಹುದೇ ಎಂಬುದು ಪ್ರಶ್ನೆ.

ಮೊದಲು ಸುಖ ಎಲ್ಲಿಂದ ಬರುತ್ತದೆಂದು ನೋಡೋಣ. ಒಳ್ಳೆಯ ಕಾರಿನ ಮೈ ತನ್ನ ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದು ಅಥವಾ ಒಂದೂವರೆ ಬಾರಿ ಮೆಲ್ಲಗೆ ಏರಿಳಿಯುವಂತೆ ರಚಿತವಾಗಿರುತ್ತದೆ. ಇದು ನಾವು ನಡೆಯುವಾಗಿನ ಲಯಕ್ಕೆ ಹತ್ತಿರವಾದದ್ದು, ಆದ್ದರಿಂದ ದೇಹ ಸಹಿಸಿಕೊಳ್ಳುತ್ತದೆ. ಸೆಕೆಂಡಿಗೆ 4ರಿಂದ 8 ಬಾರಿ ಆಗುವ ಮೇಲೆ-ಕೆಳಗಿನ ಕುಲುಕಾಟವೇ ಕುಳಿತವರಿಗೆ ಎಲ್ಲಕ್ಕಿಂತ ಹೆಚ್ಚು ಹಿಂಸೆ ಕೊಡುವುದು. ಚಿಕ್ಕ ಹಗುರ ಗಾಡಿಯಲ್ಲಿ ರಸ್ತೆಯ ಒರಟು ಬಹುಪಾಲು ಮೇಲಕ್ಕೆ ಬರುತ್ತದೆ. ದೊಡ್ಡ ಕಾರಿನಲ್ಲಿ 1,600-1,800 ಕಿಲೋ ಭಾರವುಂಟು, ಉದ್ದನೆಯ ತಳವುಂಟು, ಪ್ರತಿಯೊಂದು ತೋಳಿನ ತುದಿಗೂ ರಬ್ಬರ್ ಬುಷ್ ಉಂಟು. ಗಾಳಿಚೀಲವಿದ್ದರಂತೂ ಕೇಳುವುದೇ ಬೇಡ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಯವಾದ ಓಟಕ್ಕೆ ಕಾರಣ ಅದರಡಿಯ ರಬ್ಬರ್ ಗಾಳಿಚೀಲಗಳೇ. ಮರ್ಸಿಡಿಸ್ ಕಂಪನಿ 1998ರಲ್ಲಿ ಎಸ್-ಕ್ಲಾಸ್ ಕಾರಿಗೆ ಇಂಥದೇ ಏರ್ಪಾಡನ್ನು ತಂದು, ಮುಂದೆ ಬೇರೆ ಮಾದರಿಗಳಿಗೂ ಹಬ್ಬಿಸಿತು.

ಗಮನಿಸಿರಿ, ಈ ಸುಖದ ಬಹುಭಾಗ ರಬ್ಬರಿನ ಕೊಡುಗೆ. ರಬ್ಬರಿಗೆ ಆಯುಸ್ಸುಂಟು. ಕಾರು ಓಡಲಿ ಬಿಡಲಿ, ಬಿಸಿಲು, ಎಣ್ಣೆ, ಧೂಳು ಸೇರಿ ಎಂಟು ಹತ್ತು ವರ್ಷಕ್ಕೆ ಅದು ಗಟ್ಟಿಯಾಗುತ್ತದೆ, ಬಿರಿಯುತ್ತದೆ. "ಬರೇ ನಲವತ್ತು ಸಾವಿರ ಕಿಲೋಮೀಟರು ಓಡಿದೆ" ಎಂಬ ಮಾತಿನಿಂದ ರಬ್ಬರು ಹರೆಯಕ್ಕೆ ಮರಳುವುದಿಲ್ಲ.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಹಳೆಯ ಅಂಬಾಸಡರಿನಲ್ಲಿ ಏನಾದರೂ ಸಡಿಲಾದರೆ ಅದು ಊರಿಗೆಲ್ಲ ಕೇಳುತ್ತಿತ್ತು. ಕಟಕಟ ಎನ್ನುತ್ತಿತ್ತು, ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತಿತ್ತು. ಮಿಸ್ತ್ರಿ ಗ್ರೀಸ್ ಗನ್ ಹಿಡಿದು ಕೆಳಗೆ ಮಲಗುತ್ತಿದ್ದ, ಮಲಗಿದಾಗ ಒಮ್ಮೆ ಎಲ್ಲ ಕೀಲುಗಳನ್ನೂ ಅಲುಗಿಸಿ ನೋಡುತ್ತಿದ್ದ. ದೊಡ್ಡ ಕಾರಿನ ಬಾಲ್ ಜಾಯಿಂಟುಗಳು ಕಾರ್ಖಾನೆಯಲ್ಲೇ ಗ್ರೀಸು ತುಂಬಿ ಮುಚ್ಚಿ ಬಂದವು. ಗ್ರೀಸು ಹಾಕುವ ಬಾಯಿಯೇ ಅವಕ್ಕಿಲ್ಲ. ಆದ್ದರಿಂದ ಅವುಗಳ ಕೆಳಗೆ ಯಾರೂ ಮಲಗುವುದಿಲ್ಲ. ಮೇಲಿನ ರಬ್ಬರ್ ಟೊಪ್ಪಿಗೆ ಹರಿದರೆ ನೀರು, ಮಣ್ಣು ಒಳಹೊಕ್ಕು ಕೀಲು ತಿನ್ನುತ್ತವೆ. ಹಾಗೆ ತಿನ್ನುತ್ತಿರುವ ಸಪ್ಪಳವನ್ನು ಅದೇ ಕಾರಿನ ದಪ್ಪ ಗಾಜು, ಮೆತ್ತೆ, ಬುಷ್‌ಗಳು ನುಂಗಿಬಿಡುತ್ತವೆ. ಹಿಂದಿನ ಸೀಟಿನ ಹಿರಿಯರಿಗೆ ತೊಟ್ಟಿಲಿನ ಸುಖ. ಮುಂದಿನ ಚಕ್ರದ ಕೀಲಿಗೆ ಕೊನೆಯ ದಿನಗಳು. ಸುಖವೇ ದೋಷವನ್ನು ಮುಚ್ಚುವುದು ಈ ಕಾರುಗಳ ವಿಶೇಷ ಅಪಾಯ.

ಉಳವಿಯ ಜಾತ್ರೆಗೆ ಇಂದಿಗೂ ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಚಕ್ಕಡಿಗಳು ಸಾಲುಗಟ್ಟಿ ಹೋಗುತ್ತವೆ. ಹೊರಡುವ ಮುನ್ನ ಚಕ್ಕಡಿ ಹೊಡೆಯುವವನು ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡೆಗೀಲು ಭದ್ರವಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತಾನೆ. ಆತ ಮೆತ್ತೆಯನ್ನು ಆಮೇಲೆ ಹಾಸುತ್ತಾನೆ. ಕಾರು ಕೊಳ್ಳುವವರು ಮೊದಲು ಮೆತ್ತೆ ನೋಡುತ್ತಾರೆ.

ಸ್ಟಿಯರಿಂಗಿನ ದೋಷಗಳಲ್ಲಿ ಎಲ್ಲವೂ ಒಂದೇ ತೂಕದವಲ್ಲ. 80ರಿಂದ 100ರ ವೇಗದಲ್ಲಿ ಮಾತ್ರ ನಡುಗಿ, ಮುಂದೆ ಶಾಂತವಾದರೆ ಅದು ಬಹುಮಟ್ಟಿಗೆ ಚಕ್ರದ ಬ್ಯಾಲೆನ್ಸಿಂಗ್ ಅಥವಾ ಬಾಗಿದ ರಿಮ್. ದಲಾಲರ ಮಾತು ಇಷ್ಟರ ಮಟ್ಟಿಗೆ ಸುಳ್ಳಲ್ಲ. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕು ಸಮನಾಗಿಲ್ಲ, ಇಲ್ಲವೇ ಮುಂದಿನ ತೋಳಿನ ಬುಷ್ ಹೋಗಿದೆ. ಒಂದೇ ಕಡೆಗೆ ಎಳೆದರೆ ಟೈರಿನ ಗಾಳಿ, ಅಲೈನ್‌ಮೆಂಟ್, ಹಿಡಿದುಕೊಂಡ ಬ್ರೇಕು ಈ ಮೂರನ್ನು ನೋಡಬೇಕು. ಆದರೆ ನೇರ ದಾರಿಯಲ್ಲಿ ಕಾರು ಅಲೆದಾಡಿ ಪದೇಪದೇ ತಿದ್ದಬೇಕಾದರೆ, ತಗ್ಗಿಗೆ ಬಿದ್ದಾಗ ಸ್ಟಿಯರಿಂಗಿಗೆ ಕುಟ್ಟಿದಂತಾದರೆ, ತಿರುವಿನ ನಂತರ ಚಕ್ರ ತಾನಾಗಿ ನೆಟ್ಟಗಾಗದಿದ್ದರೆ, ಅದು ಕೀಲುಗಳ ಅಥವಾ ಸ್ಟಿಯರಿಂಗ್ ಪೆಟ್ಟಿಗೆಯ ರೋಗವೆಂದು ಶಂಕಿಸಬೇಕು. ಬ್ಯಾಲೆನ್ಸಿಂಗ್ ಮಾಡಿಸಿದರೆ ನಡುಕ ನಿಂತೀತು, ಅಲೆದಾಟ ನಿಲ್ಲದು. ನಮ್ಮ ಓದುಗರು ಎರಡನ್ನೂ ಬರೆದಿದ್ದಾರೆ. ದಲಾಲರು ಒಂದಕ್ಕೆ ಮಾತ್ರ ಉತ್ತರ ಹೇಳಿದ್ದಾರೆ.

ಇಲ್ಲೊಂದು ಮಾತು. ತೊಂಬತ್ತರ ದಶಕದ ಹಳೆಯ ಮರ್ಸಿಡಿಸ್, ಅಂದರೆ ಡಬ್ಲ್ಯು-124 ಎಂದು ಕರೆಯುವ ಇ-ಕ್ಲಾಸ್ ಕಾರುಗಳಲ್ಲಿ ಗುಂಡುಗಳು ಸುತ್ತುವ ಬಗೆಯ ಸ್ಟಿಯರಿಂಗ್ ಪೆಟ್ಟಿಗೆ ಇರುತ್ತದೆ. ನಡುವಿನಲ್ಲಿ ತುಸು ಮೆದುವಾಗಿರುವುದು ಅದರ ಸ್ವಭಾವ. ಅದನ್ನು ಅರಿಯದ ಕೆಲವರು ಪೆಟ್ಟಿಗೆಯ ಮೇಲಿನ ಸ್ಕ್ರೂ ಬಿಗಿದು "ಆಟ ತೆಗೆದಿದ್ದೇವೆ" ಎನ್ನುತ್ತಾರೆ. ಸವೆದದ್ದು ಕೆಳಗಿನ ಕೀಲು, ಬಿಗಿದದ್ದು ಮೇಲಿನ ಪೆಟ್ಟಿಗೆ! ಅತಿಯಾಗಿ ಬಿಗಿದರೆ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದುಕೊಳ್ಳುತ್ತದೆ. ಘಟ್ಟದ ದಾರಿಯಲ್ಲಿ ಇದಕ್ಕಿಂತ ಭಯಂಕರ ಬೇರೆಯಿಲ್ಲ. ಆಡಿ ಎ4 ಕಾರಿನಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ನಾಲ್ಕು ತೋಳುಗಳು, ಎರಡೂ ಕಡೆ ಸೇರಿ ಎಂಟು. ಹೊಸದಿದ್ದಾಗ ಅದರ ಓಟ ಬಲು ಚೆಂದ. ಹಳೆಯದಾದಾಗ ಅವುಗಳಲ್ಲಿ ಒಂದೆರಡನ್ನು ಬದಲಿಸಿ ಉಳಿದವನ್ನು ಹಾಗೇ ಬಿಟ್ಟು ಮಾರುವುದೂ ಉಂಟು.

ಪವರ್ ಸ್ಟಿಯರಿಂಗಿನಲ್ಲೂ ಎರಡು ಕುಲ. ಹಳೆಯವು ಎಣ್ಣೆಯ ಒತ್ತಡದಿಂದ ನಡೆಯುತ್ತವೆ. ನಿಂತಲ್ಲೇ ತಿರುಗಿಸಿದಾಗ ಗೊಣಗಿದರೆ, ಎಣ್ಣೆ ಕಪ್ಪಾಗಿದ್ದರೆ, ಕೊಳವೆ ಒದ್ದೆಯಾಗಿದ್ದರೆ ಪಂಪು ಬಳಲಿದೆಯೆಂದು ತಿಳಿಯಬೇಕು. ಹೊಸ ಕಾಲದವು ವಿದ್ಯುತ್ ಮೋಟಾರಿನಿಂದ ನಡೆಯುತ್ತವೆ. ಇವುಗಳಲ್ಲಿ ಬ್ಯಾಟರಿ ಸೋತರೂ ಎಚ್ಚರಿಕೆಯ ದೀಪ ಹತ್ತುತ್ತದೆ. ಆದ್ದರಿಂದ ಕೀಲಿ ತಿರುವಿದಾಗ ಸ್ಟಿಯರಿಂಗ್ ದೀಪ ಹತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಮೊದಲಿಂದಲೂ ಹತ್ತದೇ ಇದ್ದರೆ ದೋಷವಿಲ್ಲವೆಂದು ಹಿಗ್ಗಬೇಡಿರಿ. ಯಾರೋ ದೀಪವನ್ನೇ ಸುಮ್ಮನಾಗಿಸಿರಬಹುದು.

ಗಾಳಿಚೀಲದ ಪರೀಕ್ಷೆ ಸುಲಭ, ಆದರೆ ಒಂದು ರಾತ್ರಿ ಬೇಕು. ಸಂಜೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿರಿ. ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುನ್ನ ಮತ್ತೆ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಆ ಚೀಲ ಸೋರುತ್ತಿದೆ. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಕೂಡ ಸುಡುತ್ತದೆ. ಕೆಲವರು ಚೀಲ ತೆಗೆದು ಉಕ್ಕಿನ ಸ್ಪ್ರಿಂಗು ಹಾಕಿಸುತ್ತಾರೆ. ಕಾರು ಓಡುತ್ತದೆ, ಆದರೆ ಯಾವ ಸುಖಕ್ಕಾಗಿ ಕೊಂಡೆವೋ ಅದು ಉಳಿಯುವುದಿಲ್ಲ.

ಟೈರಿನ ವಿಷಯದಲ್ಲಿ ನಮ್ಮ ಯುವಕರ ಮೇಲೆ ನಮಗೆ ಸ್ವಲ್ಪ ಮುನಿಸುಂಟು. ಟೈರಿನ ಬದಿಯಲ್ಲಿ 205/65 ಎಂದಿದ್ದರೆ ಅದರ ಪಕ್ಕದ ಗೋಡೆ ಸುಮಾರು 133 ಮಿಲಿಮೀಟರು ಎತ್ತರ. 245/45 ಎಂದಿದ್ದರೆ 110. ಅಂದಕ್ಕೆಂದು ದೊಡ್ಡ ರಿಮ್ ಹಾಕಿಸಿ 245/35 ಮಾಡಿದರೆ ಉಳಿಯುವುದು 86 ಮಾತ್ರ. ಆ ಎತ್ತರದಲ್ಲಿರುವ ಗಾಳಿಯೇ ಮೊದಲ ಮೆತ್ತೆ. ಅದನ್ನು ಕೊಟ್ಟು ಹೊಳಪು ಕೊಂಡಂತಾಯಿತು. ಅನೇಕ ಬಿ.ಎಂ.ಡಬ್ಲ್ಯು. ಕಾರುಗಳಿಗೆ ರನ್-ಫ್ಲಾಟ್ ಟೈರು ಬರುತ್ತವೆ. ಗಾಳಿ ಹೋದರೂ 80ರ ವೇಗದಲ್ಲಿ ಸುಮಾರು 80 ಕಿಲೋಮೀಟರು ಓಡಬಲ್ಲ ಗಟ್ಟಿ ಗೋಡೆ ಅವಕ್ಕೆ, ಆದ್ದರಿಂದಲೇ ಕುಲುಕಾಟ ಹೆಚ್ಚು. ಸಾಮಾನ್ಯ ಟೈರು ಹಾಕಿಸಿದರೆ ನಯವಾಗುತ್ತದೆ, ಆದರೆ ಇಂಥ ಹಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲವೆಂಬುದು ನೆನಪಿರಲಿ. ಟೈರಿನ ವಯಸ್ಸನ್ನು ಅದರ ಮೇಲೆಯೇ ಒತ್ತಿರುತ್ತಾರೆ: 2319 ಎಂದರೆ 2019ನೇ ಇಸವಿಯ 23ನೇ ವಾರ.

ನಮ್ಮ ಭಾಗದ ನೆಲವೂ ಇದರಲ್ಲಿ ಪಾಲುದಾರ. ಧಾರವಾಡದ ಪಡುವಣಕ್ಕೆ ಮಸಾರಿ ನೆಲ, ಹುಬ್ಬಳ್ಳಿಯಿಂದ ಮೂಡಣಕ್ಕೆ ಎರೆ ನೆಲ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ; ಅದರ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಹೆದ್ದಾರಿಯ ಮೇಲೆ ಮಾತ್ರ ಟ್ರಯಲ್ ನೋಡಿದರೆ ಸಾಲದು. ನವಲಗುಂದದ ಕಡೆಗೆ ಹತ್ತಿಪ್ಪತ್ತು ಕಿಲೋಮೀಟರು ಹೋಗಿ ಬನ್ನಿರಿ. ಒಂದು ಉಬ್ಬು ದಾಟಿದ ಮೇಲೆ ಕಾರಿನ ಮೈ ಒಮ್ಮೆ ಎದ್ದು ಕೂರಬೇಕು. ಎರಡು ಮೂರು ಸಲ ತೇಲಾಡಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಈ ತೇಲಾಟವನ್ನೇ "ಎಷ್ಟು ಮೆತ್ತಗಿದೆ" ಎಂದು ಮೆಚ್ಚಿದವರನ್ನು ನಾವು ಕಂಡಿದ್ದೇವೆ. ಬಳಿಕ ಒಂದು ಹಳ್ಳಿಯ ಒರಟು ದಾರಿಯಲ್ಲಿ ರೇಡಿಯೋ, ಎ.ಸಿ. ಎರಡನ್ನೂ ನಿಲ್ಲಿಸಿ, ಕಿಟಕಿ ಇಳಿಸಿ, ಮೆಲ್ಲಗೆ ಓಡಿಸಿ ಕಿವಿಗೊಡಿರಿ.

ಇಷ್ಟಾದ ಮೇಲೆ ಕಾರನ್ನು ಗ್ಯಾರೇಜಿನ ಲಿಫ್ಟಿನ ಮೇಲೆ ಏರಿಸಲೇಬೇಕು. ಮುಂದಿನ ಚಕ್ರವನ್ನು ಗಡಿಯಾರದ 9 ಮತ್ತು 3 ಇರುವ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಸಡಿಲು ಕಂಡರೆ ಟೈ ರಾಡ್ ತುದಿ. 12 ಮತ್ತು 6ರಲ್ಲಿ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ರ‍್ಯಾಕಿನ ಎರಡು ತುದಿಯ ರಬ್ಬರ್ ಚೀಲ ಹರಿದಿದೆಯೇ, ಒಳಗೆ ತುಕ್ಕಿದೆಯೇ ನೋಡಬೇಕು. ರ‍್ಯಾಕನ್ನೇ ಬದಲಿಸಬೇಕಾದರೆ ಖರ್ಚು ಲಕ್ಷ ರೂಪಾಯಿ ದಾಟುವುದು ಈ ಕಾರುಗಳಲ್ಲಿ ಅಪರೂಪವಲ್ಲ. ಚಾಸಿಸ್‌ನ 17 ಅಕ್ಷರಾಂಕಗಳನ್ನು ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಕೊಟ್ಟು, ಕಂಪನಿಯೇ ಉಚಿತವಾಗಿ ಸರಿಪಡಿಸಬೇಕಾದ ಕೆಲಸ ಯಾವುದಾದರೂ ಬಾಕಿಯಿದೆಯೇ ಎಂದೂ ಕೇಳಿರಿ. ಮಾರುವವರು ಲಿಫ್ಟಿಗೆ ಒಪ್ಪದಿದ್ದರೆ ಚಹಾ ಕುಡಿದು ನಮಸ್ಕಾರ ಹೇಳಿ ಬರಬೇಕು.

ಮುಂಬಯಿಯಲ್ಲಿ 2005ರ ಜುಲೈ 26ರಂದು, ಚೆನ್ನೈಯಲ್ಲಿ 2015ರ ಡಿಸೆಂಬರಿನಲ್ಲಿ ಪ್ರವಾಹ ಬಂದಾಗ ಅಸಂಖ್ಯ ಕಾರುಗಳು ಮುಳುಗಿದವು. ಅಂಥ ಕಾರುಗಳು ತೊಳೆದು ಒರೆಸಿಕೊಂಡು ಪೇಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ, ಸೀಟಿನ ಹಳಿಗಳಲ್ಲಿ ತುಕ್ಕಿದೆಯೇ ನೋಡಿರಿ. ನೀರು ಕುಡಿದ ಕಾರಿನ ವಿದ್ಯುತ್ ಸ್ಟಿಯರಿಂಗನ್ನು ನಂಬುವಂತಿಲ್ಲ.

ಧಾರವಾಡದ ಆ ಓದುಗರಿಗೆ ನಮ್ಮ ಸಲಹೆ ಇಷ್ಟು. ಕಾರನ್ನು ಬೇಡವೆನ್ನುವುದಿಲ್ಲ. ಲಿಫ್ಟಿನ ಮೇಲೆ ಕಂಡ ದೋಷಗಳ ಖರ್ಚನ್ನು ಬರಹದಲ್ಲಿ ಪಡೆದು ಬೆಲೆಯಿಂದ ಕಳೆಯಿರಿ. ಕೊಂಡರೆ ಮೊದಲ ಹಣ ಮುಂದಿನ ಕೀಲುಗಳಿಗೆ, ಆಮೇಲೆ ಟೈರಿಗೆ, ಆಮೇಲೆ ಗಾಳಿಚೀಲಕ್ಕೆ. ಆ ಕೆಲಸ ಮುಗಿಯುವವರೆಗೆ ದಾಂಡೇಲಿ, ಜೋಯಿಡಾ ಕಾಡಿನ ತಿರುವುಗಳಲ್ಲಾಗಲಿ ಅರಬೈಲ್ ಘಟ್ಟದಲ್ಲಾಗಲಿ ಆ ಕಾರನ್ನು ಇಳಿಸಬಾರದು. ಜಾತ್ರೆ ಅಷ್ಟರಲ್ಲಿ ಬಂದರೆ ತಾಯಿಯವರನ್ನು ಒಳ್ಳೆಯ ಬಾಡಿಗೆ ಗಾಡಿಯ ಮುಂದಿನ ಸೀಟಿನಲ್ಲಿ, ಬೆನ್ನಿಗೊಂದು ದಿಂಬು ಕೊಟ್ಟು ಕರೆದೊಯ್ಯಿರಿ. ತಾಸಿಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿರಿ.

ಹೊರರಾಜ್ಯದ ಗಾಡಿಗೆ ಬೇಕಾದ ನಿರಾಕ್ಷೇಪಣಾ ಪತ್ರ, ನಮ್ಮ ರಾಜ್ಯದ ಆಜೀವ ತೆರಿಗೆ, ಹನ್ನೆರಡು ತಿಂಗಳೊಳಗೆ ಇಲ್ಲಿಯ ನೋಂದಣಿ ಪಡೆಯುವ ಕ್ರಮ, ಇವುಗಳ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.