ಇತಿಹಾಸಪ್ರಜ್ಞೆ ಜನಾಂಗದ ಸೊತ್ತಲ್ಲ: ಚೀನಾದ ದಾಖಲೆಗಳು ಹೇಳುವುದೇನು?

ಪ್ರಾಚೀನ ಚೀನೀಯರಿಗೆ ಇತಿಹಾಸಪ್ರಜ್ಞೆ ಹುಟ್ಟಿನಿಂದಲೇ ಬಂದಿತ್ತು, ಭಾರತೀಯರಿಗೆ ಅದು ಇರಲೇ ಇಲ್ಲ ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಅದರ ಉತ್ತರಾರ್ಧ ಹಾಗಿರಲಿ. ಪೂರ್ವಾರ್ಧವೇ ಆಧಾರಗಳ ಮುಂದೆ ನಿಲ್ಲುವುದಿಲ್ಲ.

ಚೀನಾದ ಅತಿ ಪ್ರಾಚೀನ ಬರಹಗಳ ದೊಡ್ಡ ರಾಶಿ ದೊರೆತುದು ಆನ್ಯಾಂಗಿನಲ್ಲಿ. ಕ್ರಿ.ಪೂ. ಸುಮಾರು 1200ರಲ್ಲಿ ಆಳಿದ ಶಾಂಗ್ ಅರಸ ವು ದಿಂಗನ ಕಾಲದಿಂದ ದನದ ಹೆಗಲೆಲುಬು ಮತ್ತು ಆಮೆಯ ಚಿಪ್ಪುಗಳ ಮೇಲೆ ಕೊರೆದ ಬರಹಗಳವು. ಅವುಗಳ ಉದ್ದೇಶ ಚರಿತ್ರೆಯಲ್ಲ, ದೈವಪ್ರಶ್ನೆ. ಕಾವು ತಗುಲಿಸಿದಾಗ ಮೂಡಿದ ಬಿರುಕನ್ನು ನೋಡಿ ಅರಸನು ಫಲ ಹೇಳುತ್ತಿದ್ದ. ಕೆಲವೊಮ್ಮೆ ಮುಂದೆ ನಡೆದುದನ್ನೂ ಪಕ್ಕದಲ್ಲಿ ಕೊರೆದಿಡುತ್ತಿದ್ದರು. ರಾಣಿ ಫೂ ಹಾವ್‌ಳ ಹೆರಿಗೆ ಅರಸನು ಸೂಚಿಸಿದ ಶುಭದಿನಗಳಲ್ಲಿ ಆಗದೆ 31 ದಿನಗಳ ಬಳಿಕ ಆಯಿತು. ಮಗು ಹೆಣ್ಣಾದುದರಿಂದ ಫಲ ಒಳಿತಲ್ಲವೆಂದು ದಾಖಲಾಯಿತು. ಅಲ್ಲಿಗೆ ಅರಸನ ಮಾತು ಗೆದ್ದಿತು! ಅವನ ಭವಿಷ್ಯ ಸುಳ್ಳಾಯಿತೆಂದು ಸಾರುವ ಬರಹಗಳು ಅತಿ ವಿರಳ. ಇದನ್ನು ನಿಷ್ಪಕ್ಷಪಾತ ಇತಿಹಾಸವೆನ್ನಲು ಸಾಧ್ಯವೆ?

ಸಿಂಹಾಸನಕ್ಕೆ ಎದುರುನಿಲ್ಲುವ ಬರಹ ಬೆಳೆದುದು ಅನಂತರ. ‘ಝುವೊ ಝುವಾನ್’ ಹೇಳುವಂತೆ, ಕ್ರಿ.ಪೂ. 548ರಲ್ಲಿ ಚೀ ರಾಜ್ಯದ ಮಂತ್ರಿ ತ್ಸುಯಿ ಝೂ ತನ್ನ ದೊರೆಯನ್ನು ಕೊಂದನೆಂದು ಅಲ್ಲಿಯ ಮಹಾಲೇಖಕ ಬರೆದ; ತಲೆ ಕಳೆದುಕೊಂಡ. ಅದನ್ನೇ ಬರೆದ ಇಬ್ಬರು ತಮ್ಮಂದಿರೂ ಹತರಾದರು. ಮತ್ತೊಬ್ಬ ತಮ್ಮನೂ ಬರೆದಾಗ ಮಂತ್ರಿ ಕೈಚೆಲ್ಲಿದ. ಆದರೆ ಈ ಬರಹವೂ ಬರಿಯ ಘಟನಾವರದಿಯಲ್ಲ. ಕ್ರಿ.ಪೂ. 607ರಲ್ಲಿ ಜಿನ್ ರಾಜ್ಯದ ಲೇಖಕ ದೊಂಗ್ ಹೂ, ದೊರೆಯನ್ನು ಕೊಂದವನು ಝಾವ್ ದುನ್ ಎಂದು ಬರೆದ. ಕೊಂದದ್ದು ಅವನ ಬಂಧು. ಕೊಲೆಗಾರನನ್ನು ದಂಡಿಸದ ತಪ್ಪು ಮಾತ್ರ ಝಾವ್ ದುನ್‌ನದು. ಅಲ್ಲಿ ದಾಖಲೆಯಾದುದು ಘಟನೆಯಲ್ಲ, ತೀರ್ಪು.

ದಾಖಲೆಯನ್ನು ಸಾಕಿದ ಅಧಿಕಾರವೇ ಅದನ್ನು ಸುಡಲೂಬಲ್ಲದು. ಕ್ರಿ.ಪೂ. 213ರಲ್ಲಿ ಚಿನ್ ಸಾಮ್ರಾಟನು ತನ್ನ ರಾಜ್ಯದ ವೃತ್ತಾಂತವನ್ನುಳಿದು ಇತರ ರಾಜ್ಯಗಳ ವೃತ್ತಾಂತಗಳನ್ನು ಸುಡಲು ಆಜ್ಞಾಪಿಸಿದ. ಉಳಿದುಕೊಂಡ ಚಿನ್ ವೃತ್ತಾಂತದಲ್ಲಿ ತಿಂಗಳು, ದಿನಗಳ ಉಲ್ಲೇಖವೂ ಇಲ್ಲವೆಂದು ಮುಂದೆ ಸೀಮಾ ಚಿಯೆನ್ ಮರುಗಿದ. ಇತಿಹಾಸಪ್ರಜ್ಞೆ ಇಡೀ ಜನಾಂಗದ ಸಹಜಗುಣವಾಗಿದ್ದರೆ ಆ ಬೆಂಕಿ ಹೊತ್ತಿಕೊಳ್ಳುತ್ತಿತ್ತೆ?

ಆದುದರಿಂದ ‘ಯಾವ ಜನರಿಗೆ ಇತಿಹಾಸಪ್ರಜ್ಞೆ ಇತ್ತು?’ ಎಂಬ ಪ್ರಶ್ನೆಯೇ ಪೊಳ್ಳು. ದಾಖಲೆಯನ್ನು ಬರೆದವರು ಯಾರು, ಬರೆಸಿದವರು ಯಾರು, ಅಳಿಸಬಲ್ಲವರು ಯಾರು ಎಂದು ಸಂಶೋಧಕರು ಕೇಳಬೇಕು. ಚೀ ರಾಜ್ಯದ ಆ ಸೋದರರ ಕೀರ್ತಿಯನ್ನು ಇಡೀ ಜನಾಂಗಕ್ಕೆ ಹಂಚಿಬಿಡುವುದು, ಅವರು ತೆತ್ತ ಬೆಲೆಯನ್ನು ಮರೆಸುವುದೇ ಸರಿ.